‘ಹೇಗೆ ಗೊತ್ತು?’ ಎಂದು ಕೇಳುವ ಹಕ್ಕು

ಇತಿಹಾಸದ ವಿಚಾರ ಸಂಕಿರಣಗಳ ಸಮಾರೋಪದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಸಂಶೋಧನೆಯ ಫಲ ಜನಸಾಮಾನ್ಯರಿಗೆ ತಲುಪಬೇಕು, ತಿಳಿಗನ್ನಡದಲ್ಲಿ ತಲುಪಬೇಕು ಎಂಬ ಮಾತು. ಸಭೆ ತಲೆದೂಗುತ್ತದೆ, ಹಾರ ಶಾಲು ಆಗುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಸಾರ್ವಜನಿಕ ಇತಿಹಾಸ ಎಂದರೆ ಇದೇ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಬಲ್ಲವರು ಹುಡುಕುವುದು, ಅರಿಯದವರು ಕೇಳಿಸಿಕೊಳ್ಳುವುದು, ನಡುವೆ ಒಂದಿಷ್ಟು ಸರಳಗೊಳಿಸುವ ಕೆಲಸ. ಅದಕ್ಕಾಗಿ ಧ್ವನಿ-ಬೆಳಕು ಪ್ರದರ್ಶನ, ಪ್ರವಾಸೋದ್ಯಮ ಇಲಾಖೆಯ ಫಲಕ, ಶಾಲಾ ಮಕ್ಕಳಿಗೊಂದು ಕಿರುಹೊತ್ತಗೆ.

ಈ ತಿಳಿವಳಿಕೆಯ ಬುಡವೇ ಸರಿಯಿಲ್ಲ. ಇತಿಹಾಸಕ್ಕೆ ಬೇಕಾದ ಸಾಕ್ಷ್ಯದ ದೊಡ್ಡ ಪಾಲು ಜನರ ಕೈಯಲ್ಲೇ ಇದೆ. ಅದನ್ನು ಒರೆಗೆ ಹಚ್ಚಿ ನೋಡುವ ಹಕ್ಕೂ ಅವರದೇ. ಈ ಎರಡನ್ನೂ ಕಿತ್ತುಕೊಂಡ ಮೇಲೆ ಉಳಿದದ್ದನ್ನು ತಿಳಿಗನ್ನಡದಲ್ಲಿ ಹೇಳಿದರೇನು, ಹಳಗನ್ನಡದಲ್ಲಿ ಹೇಳಿದರೇನು?

ಸಾರ್ವಜನಿಕ ಇತಿಹಾಸ ಎಂಬ ಹೆಸರು ಹೊರಗಿನಿಂದ ಬಂದದ್ದು ನಿಜ. ಅಮೆರಿಕದಲ್ಲಿ ಇತಿಹಾಸ ಓದಿದವರಿಗೆ ಮೇಷ್ಟ್ರ ಕೆಲಸ ಸಿಗದೆ ಹೋದ 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ರಾಬರ್ಟ್ ಕೆಲಿ ಎಂಬ ಪ್ರಾಧ್ಯಾಪಕರು 1976ರಲ್ಲಿ ಈ ಹೆಸರಿನ ಪಾಠಕ್ರಮ ತೆರೆದರು. ಹುಟ್ಟಿಗೆ ಕಾರಣ ಉದ್ಯೋಗದ ಚಿಂತೆ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಅದಕ್ಕೂ ಮೊದಲೇ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ರಾಫೆಲ್ ಸ್ಯಾಮ್ಯುಯೆಲ್ ಎಂಬವರು ಓದಲು ಬಂದ ಕಾರ್ಮಿಕರಿಂದಲೇ ಅವರವರ ಕಸುಬಿನ ಇತಿಹಾಸ ಬರೆಸುತ್ತಿದ್ದರು. ಸ್ವೀಡನ್ನಿನ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ ಒಂದು ಪುಸ್ತಕ ಬರೆದು, ಕಾರ್ಖಾನೆಯ ಚರಿತ್ರೆಯನ್ನು ಅದರ ಕೆಲಸಗಾರರೇ ಅಗೆದು ತೆಗೆಯುವ ಬಗೆಯನ್ನು ಹೇಳಿಕೊಟ್ಟರು. ತಮ್ಮ ಕೆಲಸದ ವಿಷಯದಲ್ಲಿ ಕೆಲಸಗಾರರೇ ತಜ್ಞರು ಎಂಬುದು ಅವರ ವಾದ. ನಮ್ಮವರು ಕೆಲಿಯವರ ಹೆಸರನ್ನು ತಂದುಕೊಂಡರು, ಸ್ಯಾಮ್ಯುಯೆಲ್ ಮತ್ತು ಲಿಂಡ್‌ಕ್ವಿಸ್ಟರ ಛಲವನ್ನು ಅಲ್ಲೇ ಬಿಟ್ಟು ಬಂದರು.

ಆ ಛಲಕ್ಕೆ ಪರದೇಶಕ್ಕೆ ಹೋಗಬೇಕಾಗಿಯೂ ಇರಲಿಲ್ಲ. ಕರ್ನಾಟಕದ ಇತಿಹಾಸವನ್ನು ಕಟ್ಟಿದವರ ಸಾಲಿನಲ್ಲಿ ಇತಿಹಾಸದ ಪ್ರಾಧ್ಯಾಪಕರು ತಡವಾಗಿ ಬಂದವರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅಷ್ಟು ಹೊತ್ತಿಗೆ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅಚ್ಚು ಹಾಕಿಸಿ, ನಿವೃತ್ತರಾಗಿ ಹೋಗಿಯಾಗಿತ್ತು. ರೈಸ್ ವಿದ್ಯಾ ಇಲಾಖೆಯವರು. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಫ್ಲೀಟ್ ಮುಂಬಯಿ ಸರ್ಕಾರದ ಅಧಿಕಾರಿ. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರತಂದ ಆಲೂರು ವೆಂಕಟರಾಯರು ವಕೀಲಿ ಓದಿದವರು. ಶಂ.ಬಾ. ಜೋಶಿಯವರು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮೇಷ್ಟ್ರು. ಇವರಲ್ಲಿ ಯಾರಿಗೂ ಇತಿಹಾಸ ವಿಭಾಗದ ಮುದ್ರೆ ಇರಲಿಲ್ಲ. ಈಗ ಅದೇ ಮುದ್ರೆ ಇಲ್ಲದವನು ಬಾಯಿ ತೆರೆದರೆ ‘ಹವ್ಯಾಸಿ’ ಎಂದು ಪಕ್ಕಕ್ಕೆ ಸರಿಸುತ್ತಾರೆ.

ಇನ್ನೂ ಒಂದು ಪ್ರಶ್ನೆ ಇದೆ. ರೈಸರಿಗೆ ಕಲ್ಲು ತೋರಿಸಿದವರು ಯಾರು? ಒಂಬತ್ತು ಸಾವಿರ ಶಾಸನಗಳು ತಾವಾಗಿ ಎದ್ದು ಬಂದು ಕಚೇರಿಯ ಬಾಗಿಲು ತಟ್ಟಲಿಲ್ಲ. ಸಂಪುಟಗಳಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಅದು ಇದ್ದ ಜಾಗ ಬರೆದಿದೆ: ಇಂಥ ಊರಿನ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಇಂಥವನ ಹೊಲದಲ್ಲಿ. ಹೊಲದ ಒಡೆಯನ ಹೆಸರು ಒಮ್ಮೊಮ್ಮೆ ಬರುತ್ತದೆ. ಬೇಲಿ ಸರಿಸಿ ದಾರಿ ತೋರಿದವರ, ಕಲ್ಲಿಗೆ ಎಣ್ಣೆ ಕುಂಕುಮ ಇಟ್ಟು ತಲೆಮಾರುಗಳಿಂದ ಕಾಪಾಡಿದವರ ಹೆಸರು ಬರುವುದಿಲ್ಲ. ಹಳ್ಳಿಯವರು ಶಾಸನದ ಮೇಲೆ ಬಟ್ಟೆ ಒಗೆಯುತ್ತಾರೆ ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ಒಗೆದದ್ದು ಉಂಟು. ಆದರೆ ಬೆಂಗಳೂರಿನ ಸುತ್ತ ವೀರಗಲ್ಲುಗಳು ಮಾಯವಾದದ್ದು ಬಟ್ಟೆ ಒಗೆದದ್ದರಿಂದ ಅಲ್ಲ. ಬಡಾವಣೆಗೂ ರಸ್ತೆ ಅಗಲಿಸುವುದಕ್ಕೂ ಕೆರೆ ಮುಚ್ಚುವುದಕ್ಕೂ ಸಹಿ ಹಾಕಿದವರು ಎಲ್ಲರೂ ಓದು ಬರಹ ಬಲ್ಲವರು.

ಜನರ ನೆನಪು ಕಥೆ ಮಾತ್ರ, ದಾಖಲೆಯಲ್ಲ ಎನ್ನುವವರು ಸಂಗೊಳ್ಳಿ ರಾಯಣ್ಣನ ಸಂಗತಿಯನ್ನು ಒಮ್ಮೆ ನೋಡಲಿ. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನು ಕಂಪನಿ ಸರ್ಕಾರದ ಕಚೇರಿಗಳಿಗೆ ಬೆಂಕಿ ಇಟ್ಟವನು, ಸರ್ಕಾರದ ಕಾಗದದಲ್ಲಿ ದಂಗೆಕೋರ. ನಂದಗಡದಲ್ಲಿ ಮಾತ್ರ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊತ್ತರು. ಲಾವಣಿಕಾರರು ಅವನ ಹಾಡನ್ನು ಊರೂರಿಗೆ ಒಯ್ದರು. 1880ರ ದಶಕದಲ್ಲಿ ಆ ಲಾವಣಿಯನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದವರು ಬೇರೆ ಯಾರೂ ಅಲ್ಲ, ಅದೇ ಫ್ಲೀಟ್ ಸಾಹೇಬರು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು 1857ರಲ್ಲಿ ಎದ್ದ ಲಾವಣಿಯೂ ಅವರ ಸಂಗ್ರಹದಲ್ಲಿದೆ. ಯಾವ ಸರ್ಕಾರದ ವಿರುದ್ಧ ಹಾಡು ಕಟ್ಟಿದ್ದರೋ ಅದೇ ಸರ್ಕಾರದ ಅಧಿಕಾರಿ ಆ ಹಾಡಿಗೆ ಬೆಲೆ ಕಂಡ. ನಮ್ಮ ಪಠ್ಯಪುಸ್ತಕಗಳಿಗೆ ಅದು ಕಾಣಲು ಇನ್ನೂ ಬಹುಕಾಲ ಬೇಕಾಯಿತು.

ಈಗ ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೇ ರಾಯಣ್ಣನ ಹೆಸರಿದೆ. ಬಹಳ ಒಳ್ಳೆಯದು. ಆದರೆ ರಾಯಣ್ಣ ನಮಗೆ ಗೊತ್ತಾದದ್ದು ಯಾರಿಂದ ಎಂಬ ಸಂಗತಿ ಮೆರವಣಿಗೆಯಲ್ಲಿ ಎಲ್ಲೂ ಬರುವುದಿಲ್ಲ. ಪ್ರತಿಮೆ ನಿಂತಿತು, ಲಾವಣಿಕಾರ ಅಳಿಸಿಹೋದ. ಇಲ್ಲಿ ಪ್ರಾಧ್ಯಾಪಕರೂ ಜಯಂತಿ ಸಮಿತಿಯವರೂ ಒಂದೇ ದೋಣಿಯಲ್ಲಿ ಕೂತಿದ್ದಾರೆ ಎನ್ನುವುದು ನನ್ನ ತಕರಾರು. ಒಬ್ಬರು ಜನರಿಗೆ ಪಾಠ ಹೇಳಬೇಕೆನ್ನುತ್ತಾರೆ, ಇನ್ನೊಬ್ಬರು ಜನರಿಗೆ ಅಭಿಮಾನ ಹಂಚಬೇಕೆನ್ನುತ್ತಾರೆ. ಇಬ್ಬರ ಕಣ್ಣಿಗೂ ಜನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುವವರು.

ಬೆಂಗಳೂರಿನ ಇನ್ನೊಂದು ಕಥೆ ಎಲ್ಲರಿಗೂ ಬಾಯಿಪಾಠ. ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು. ಬಲ್ಲಾಳ ಹನ್ನೆರಡನೆಯ ಶತಮಾನದವನು. ಬೇಗೂರಿನ ನಾಗೇಶ್ವರ ದೇವಾಲಯದ ಗಂಗರ ಕಾಲದ ಶಾಸನದಲ್ಲಿ, ಕ್ರಿ.ಶ. 890ರ ಆಸುಪಾಸಿನದರಲ್ಲಿ, ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಕಾಳು ಬೇಯುವ ಮುನ್ನೂರು ವರ್ಷ ಮೊದಲೇ ಊರು ಇತ್ತು, ಹೆಸರೂ ಇತ್ತು, ಅಲ್ಲಿ ಹೊಡೆದಾಡಿ ಸತ್ತವರೂ ಇದ್ದರು. ಆರ್. ನರಸಿಂಹಾಚಾರ್ಯರು ಇದನ್ನು ಬೆಳಕಿಗೆ ತಂದು ಶತಮಾನ ದಾಟಿದೆ. ಆದರೂ ಅಜ್ಜಿಯ ಕಥೆ ನಡೆಯುತ್ತಿದೆ. ಇದಕ್ಕೆ ಜನರ ಮೌಢ್ಯ ಕಾರಣ ಎನ್ನುವವರನ್ನು ನಾನು ಒಪ್ಪಲಾರೆ. ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಅಚ್ಚಾಗಿ ಗ್ರಂಥಾಲಯದ ಕಪಾಟು ಸೇರಿದ ಸಂಗತಿಯನ್ನು ಬೇಗೂರಿನ ಹೂವಿನಂಗಡಿಯವರು ಹೇಗೆ ತಿಳಿಯಬೇಕಿತ್ತು? ಕಥೆ ಬೀದಿಯಲ್ಲಿ ಓಡಾಡಿತು, ಶಾಸನದ ಓದು ಬೀರುವಿನಲ್ಲಿ ಉಳಿಯಿತು.

ಬೀರುವಿನಿಂದ ಹೊರಗೆ ತಂದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ನಿದರ್ಶನ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬವನ ನೆನಪಿಗೆ ನಿಲ್ಲಿಸಿದ ವೀರಗಲ್ಲು. ಅದನ್ನು ಉಳಿಸಲು ಓಡಾಡಿದವರು ಅಲ್ಲಿನ ನಿವಾಸಿಗಳು ಮತ್ತು ಶಾಸನಗಳ ಬೆನ್ನು ಹತ್ತಿದ ಸ್ವಯಂಸೇವಕರು. ಇವರಲ್ಲಿ ಹಲವರು ಹೊಟ್ಟೆಪಾಡಿಗೆ ಬೇರೆ ಬೇರೆ ಉದ್ಯೋಗ ಮಾಡುವವರು. ಕಲ್ಲು ಅದೇ ಬಡಾವಣೆಯಲ್ಲಿ ಉಳಿಯಿತು, ಅದಕ್ಕೊಂದು ಮಂಟಪ ಎದ್ದಿತು. ಮುಂದೆ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿ, ಯಾರು ಬೇಕಾದರೂ ಅಕ್ಷರ ಅಕ್ಷರವನ್ನು ನೋಡುವಂತೆ ಮಾಡುವ ಕೆಲಸಕ್ಕೆ ಕೈಹಾಕಿತು. ಸವೆದ ಅಕ್ಷರವನ್ನು ಪಂಡಿತರು ಹೀಗೆ ಓದಿದ್ದಾರೆ ಎಂದರೆ, ‘ಎಲ್ಲಿ, ತೋರಿಸಿ’ ಎಂದು ಯಾರಾದರೂ ಕೇಳಬಹುದು, ತೋರಿಸಲೂಬಹುದು. ಈ ಕೆಲಸ ಲಿಪಿತಜ್ಞರಿಲ್ಲದೆ ಆಗದು. ತಜ್ಞತೆಗೆ ನನ್ನ ವಿರೋಧವೇನೂ ಇಲ್ಲ. ತಜ್ಞರ ಓದನ್ನು ಪರೀಕ್ಷಿಸುವ ಸಾಮಗ್ರಿಯೂ ತಜ್ಞರ ಹತ್ತಿರವೇ ಇರಬೇಕೆಂಬ ಏಕಸ್ವಾಮ್ಯಕ್ಕೆ ನನ್ನ ವಿರೋಧ.

ಹಂಪಿಗೆ ಹೋಗೋಣ. ಕನ್ನಡಿಗರು ತಮ್ಮ ಗತಕಾಲವನ್ನು ನೋಡಲು ಅತಿ ಹೆಚ್ಚು ಹೋಗುವ ಜಾಗಗಳಲ್ಲಿ ಅದೊಂದು, ಮತ್ತು ಜನ ಬರೀ ಕೇಳುಗರೆಂಬ ಈ ತಪ್ಪು ತಿಳಿವಳಿಕೆ ಅತಿ ಹೆಚ್ಚು ನಷ್ಟ ಮಾಡಿರುವುದೂ ಅಲ್ಲೇ.

1900ರಲ್ಲಿ ರಾಬರ್ಟ್ ಸೆವೆಲ್ ವಿಜಯನಗರದ ಮೇಲೆ ಪುಸ್ತಕ ಬರೆದು, ಮರೆತುಹೋದ ಸಾಮ್ರಾಜ್ಯ ಎಂದು ಅದನ್ನು ಕರೆದರು. ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದ ಆ ಪುಸ್ತಕದ ಋಣ ದೊಡ್ಡದು. ಆದರೆ ಮರೆತವರು ಯಾರು? ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಿಂತಿರಲಿಲ್ಲ, ತೇರು ಎಳೆಯುವುದು ಬಿಟ್ಟಿರಲಿಲ್ಲ, ಆನೆಗೊಂದಿಯಲ್ಲಿ ಅರಸು ಮನೆತನದ ವಂಶದವರು ಇದ್ದೇ ಇದ್ದರು. ಮರೆತದ್ದು ಮದ್ರಾಸಿನ ಕಚೇರಿ. ಆ ಕಚೇರಿಯ ಮರೆವನ್ನೇ ನಾಡಿನ ಮರೆವೆಂದು ನಾವೂ ಒಪ್ಪಿಕೊಂಡು ‘ಹಾಳು ಹಂಪೆ’ಯ ಶೋಕಗೀತೆಗೆ ದನಿಗೂಡಿಸಿದೆವು.

ಹಾಳೂರಿನಲ್ಲಿ ಜನ ಇರಬಾರದಲ್ಲ! 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮತ್ತು ಅವುಗಳಿಗೆ ತಾಗಿ ಅಂಗಡಿ, ಮನೆ, ಊಟದ ಹೋಟೆಲು ಮಾಡಿಕೊಂಡಿದ್ದ ಕುಟುಂಬಗಳು ಒತ್ತುವರಿದಾರರಾದರು. 2011ರ ಜುಲೈಯಲ್ಲಿ ಜೆಸಿಬಿ ಬಂತು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಮಂಟಪಗಳಿಗೆ ಇಟ್ಟಿಗೆ ಸಿಮೆಂಟಿನ ಗೋಡೆ ಎಬ್ಬಿಸಿದ್ದು, ಕಂಬಗಳಿಗೆ ಬಣ್ಣ ಬಳಿದದ್ದು ಸುಳ್ಳಲ್ಲ. ಅದಕ್ಕೆ ಒಂದು ಮಿತಿ ಹಾಕಬೇಕಾಗಿತ್ತು ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಒಡೆಯುವ ಮೊದಲು ಆ ಬೀದಿಯಲ್ಲಿ ಯಾರು ಎಂದಿನಿಂದ ಇದ್ದಾರೆ, ಯಾವ ಕಂಬದ ನಡುವೆ ಯಾವ ಅಂಗಡಿ, ಜಾತ್ರೆಯ ದಿನ ಯಾರ ಪಾಲಿಗೆ ಯಾವ ಕೆಲಸ ಎಂಬುದನ್ನು ಬರೆದಿಡುವುದು ಇತಿಹಾಸದ ಕೆಲಸವೆಂದು ಅಧಿಕಾರ ಹಿಡಿದವರಿಗೆ ಅನಿಸಲಿಲ್ಲ. ಹದಿನಾರನೆಯ ಶತಮಾನದ ಬಜಾರಿನಲ್ಲಿ ಏನೇನು ಮಾರುತ್ತಿದ್ದರು ಎಂದು ಪಾಯಸನ ಪುಟ ತಿರುವುತ್ತೇವೆ. ಇಪ್ಪತ್ತನೆಯ ಶತಮಾನದ ಬಜಾರನ್ನು ಕಣ್ಣೆದುರೇ ಕೆಡವಿ ಅದಕ್ಕೆ ಸಂರಕ್ಷಣೆ ಎಂದೆವು. ಇಂದು ಆ ಬೀದಿಗೆ ಬಂದವರು ಅದು ವಿಜಯನಗರ ಬಿದ್ದ 1565ರಿಂದಲೇ ಖಾಲಿ ಬಿದ್ದಿತ್ತೆಂದುಕೊಂಡರೆ ಅಚ್ಚರಿಯಿಲ್ಲ.

ಸೇತುವೆಯ ಕಥೆಯೂ ಇದೇ ಜಾತಿಯದು. ಆನೆಗೊಂದಿಯ ಕಡೆ ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟದ್ದರಿಂದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿತ್ತು. ಆ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕೂಲಿಯವರು ಸತ್ತರು. ಹರಿಗೋಲಿನಲ್ಲಿ ಹೊಳೆ ದಾಟುವವರು ಅಷ್ಟು ವರ್ಷದ ವಾದವಿವಾದದಲ್ಲಿ ಭೂದೃಶ್ಯದ ಒಂದು ತುಣುಕಾಗಿಯೇ ಉಳಿದರು.

ಇನ್ನು ಅಲ್ಲಿನ ಫಲಕಗಳು. ರಾಣಿಯ ಸ್ನಾನಗೃಹ, ಆನೆಲಾಯ, ಕಮಲ ಮಹಲ್ ಎಂಬ ಹೆಸರುಗಳನ್ನು ಶಾಲಾ ಪ್ರವಾಸದ ಮಕ್ಕಳು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಇವು ವಿಜಯನಗರದ ಅರಸರ ಕಾಲದ ಹೆಸರುಗಳೆನ್ನಲು ಆಧಾರವಿಲ್ಲ. ಕಟ್ಟಡದ ಆಕಾರ ನೋಡಿ ಬಹಳ ಈಚೆಗೆ ಇಟ್ಟುಕೊಂಡ ಊಹೆಯ ಹೆಸರುಗಳು ಎನ್ನುವುದು ಅಲ್ಲಿ ಕೆಲಸ ಮಾಡಿದ ವಿದ್ವಾಂಸರಿಗೆಲ್ಲ ಗೊತ್ತು. ಹಾಗಾದರೆ ಫಲಕದಲ್ಲಿ ಹಾಗೆಂದು ಏಕೆ ಬರೆಯಬಾರದು? ‘ಇದನ್ನು ರಾಣಿಯ ಸ್ನಾನಗೃಹ ಎನ್ನುತ್ತಾರೆ, ರಾಣಿ ಇಲ್ಲಿ ಮೀಯುತ್ತಿದ್ದಳು ಎಂಬುದಕ್ಕೆ ಪುರಾವೆ ಇಲ್ಲ’ ಎಂದು ಬರೆದರೆ ಕಲ್ಲೇನು ಉದುರಿ ಬೀಳುತ್ತದೆಯೆ? ಜನರಿಗೆ ಗೊಂದಲವಾಗುತ್ತದೆ ಎನ್ನುವುದು ಸಿದ್ಧ ಉತ್ತರ. ಈ ಉತ್ತರ ನನಗೆ ಅವಮಾನದಂತೆ ಕೇಳಿಸುತ್ತದೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ ವಯಸ್ಸು ತಿಳಿಯುವವರಿಗೆ, ಪಹಣಿಯಲ್ಲಿ ಯಾರ ಹೆಸರಿದೆ, ಅದು ಹೇಗೆ ಸೇರಿತು ಎಂದು ತಹಶೀಲ್ದಾರರೊಡನೆ ವಾದಿಸುವವರಿಗೆ ಪುರಾವೆಯ ಸಂಶಯ ಅರ್ಥವಾಗದೆ?

ಎದುರುವಾದ ಒಂದಿದೆ, ಅದು ಹಗುರವಾದದ್ದಲ್ಲ. ಇತಿಹಾಸವನ್ನು ಬೀದಿಗೆ ಬಿಟ್ಟರೆ ಜಾತಿಗೊಬ್ಬ ವೀರ, ಪಕ್ಷಕ್ಕೊಬ್ಬ ಹುತಾತ್ಮ ಹುಟ್ಟುತ್ತಾರೆ ಎನ್ನುತ್ತಾರೆ. 2023ರ ಮಾರ್ಚಿನಲ್ಲಿ ಮಂಡ್ಯದಲ್ಲಿ ಆದದ್ದನ್ನು ನೆನಪಿಸುತ್ತಾರೆ. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರೊಡನೆ ಹೋರಾಡಿ ಸತ್ತದ್ದು ಎಲ್ಲ ದಾಖಲೆಗಳಲ್ಲೂ ಇರುವ ಸಂಗತಿ. ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬಿಬ್ಬರು ಎಂಬ ಮಾತು ಎಲ್ಲಿಂದಲೋ ಎದ್ದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆತುರದಲ್ಲಿ ಅವರ ಹೆಸರಿನ ಸ್ವಾಗತ ಕಮಾನೂ ಎದ್ದಿತು, ಸಚಿವರೊಬ್ಬರು ಸಿನಿಮಾ ಮಾಡುವುದಾಗಿ ಹೇಳಿದರು.

ಆದರೆ ಈ ಪ್ರಸಂಗವನ್ನು ಕೊನೆಯವರೆಗೆ ಹೇಳಬೇಕು. ಕಟ್ಟುಕತೆ ಬೀದಿಯಲ್ಲಿ ಹುಟ್ಟಲಿಲ್ಲ, ವೇದಿಕೆಯ ಮೇಲೆ ಹುಟ್ಟಿತು. ಬೀದಿಯೇ ಅದನ್ನು ಹಿಡಿದು ಕೇಳಿತು. ಯಾವ ಸಮುದಾಯದ ವೀರರೆಂದು ಆ ಇಬ್ಬರನ್ನು ಮುಂದೆ ತಂದಿದ್ದರೋ ಅದೇ ಸಮುದಾಯದವರು, ಎಲ್ಲಿದೆ ದಾಖಲೆ ಎಂದರು. ಆದಿಚುಂಚನಗಿರಿ ಮಠದ ಸ್ವಾಮೀಜಿಯವರೂ ಶಾಸನ, ದಾಖಲೆಗಳ ಆಧಾರವಿಲ್ಲದೆ ಈ ವಿಷಯ ಎತ್ತಬಾರದೆಂಬ ನಿಲುವು ತಳೆದರು. ಕಮಾನಿನ ಹೆಸರು ಬದಲಾಯಿತು, ಸಿನಿಮಾ ಕೈಬಿಟ್ಟರು. ಪುರಾವೆ ಕೇಳುವ ಅಭ್ಯಾಸ ಜನರಲ್ಲಿ ಇರದಿದ್ದರೆ ಇತಿಹಾಸಕಾರರ ಪತ್ರಿಕಾ ಹೇಳಿಕೆಯೊಂದರಿಂದ ಅದು ನಿಲ್ಲುತ್ತಿತ್ತೆಂದು ನನಗೆ ನಂಬಿಕೆಯಿಲ್ಲ.

ಜನರ ನೆನಪೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಲಾವಣಿಕಾರ ಊರ ಗೌಡನ ಮನೆಯ ಅಂಗಳದಲ್ಲಿ ನಿಂತು ಹಾಡುವಾಗ ಗೌಡನ ಅಜ್ಜನ ತಪ್ಪನ್ನು ನುಂಗಿಕೊಂಡಿರಬಹುದು. ವೀರಗಲ್ಲಿನಲ್ಲಿ ತುರುಗಳನ್ನು ಕಾಯ್ದು ಸತ್ತವನ ಹೆಸರಿದೆ, ಅವನ ಹಿಂದೆ ಉಳಿದ ಹೆಂಡತಿಯ ಪಾಡು ಬಹಳ ಸಲ ಇಲ್ಲ. ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಸಿಕ್ಕ ಜಾಗ ಎಷ್ಟೋ ಆಳುಕಾಳುಗಳಿಗೆ ಸಿಗಲಿಲ್ಲ. ಆಲೂರರ ಗತವೈಭವ ಹರಿದು ಹಂಚಿಹೋಗಿದ್ದ ನಾಡಿಗೆ ಬೆನ್ನೆಲುಬು ಕೊಟ್ಟಿತು, ಹೌದು. ಏಕೀಕರಣವಾಗಿ ಇಷ್ಟು ಕಾಲವಾದ ಮೇಲೂ ವೈಭವವನ್ನು ಬಿಟ್ಟು ಬೇರೆ ಏನನ್ನೂ ಹಿಂದಿನಿಂದ ಕೇಳಲು ಬಾರದ ಚಾಳಿಯನ್ನೂ ಅದೇ ಬಿಟ್ಟುಹೋಯಿತು. ನೆನಪನ್ನೂ ಶಾಸನವನ್ನೂ ಪೋರ್ಚುಗೀಸನ ಪತ್ರವನ್ನೂ ಒಂದೇ ಬಿರುಸಿನಿಂದ ಕೇಳಬೇಕು: ಯಾರು ಹೇಳಿದ್ದು, ಯಾರಿಗಾಗಿ, ಯಾವಾಗ, ಹೇಗೆ ಗೊತ್ತು? ಇದು ಗುಟ್ಟಿನ ಮಂತ್ರವೇನಲ್ಲ. ಕಲಿಸಬಹುದು, ಕಲಿಯಬಹುದು.

ವಿಚಿತ್ರವೆಂದರೆ ನಮ್ಮ ಇತಿಹಾಸ ವಿಭಾಗಗಳು ಒಪ್ಪದಿರುವುದನ್ನು ದೇಶದ ಕಾನೂನು ಒಪ್ಪಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಬುಡಕಟ್ಟಿನವರಲ್ಲದ ಕಾಡಿನಂಚಿನ ನಿವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. ಅದಕ್ಕೆ ಒಪ್ಪಬಹುದಾದ ಪುರಾವೆಗಳ ಪಟ್ಟಿಯಲ್ಲಿ ಹಳೆಯ ಬಾವಿ, ಸುಡುಗಾಡು, ದೇವರ ಜಾಗ ಇವೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯೂ ಇದೆ. ಪರಿಶೀಲನೆ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಊರಿನ ಮುದುಕರ ಬಾಯಿಂದ ಬಂದದ್ದನ್ನು ಊರಿನವರೇ ಕೂತು ಪರೀಕ್ಷಿಸುವ ಈ ವ್ಯವಸ್ಥೆಗಿಂತ ಸ್ಪಷ್ಟವಾದ ಸಾರ್ವಜನಿಕ ಇತಿಹಾಸ ನನಗೆ ಬೇರೆ ಕಂಡಿಲ್ಲ. ಕಚೇರಿಗಳಲ್ಲಿ ನಡೆಯುವುದು ಬೇರೆ. ಮಲೆನಾಡಿನಲ್ಲಿ ‘ದಾಖಲೆ ಇಲ್ಲ’ ಎಂಬ ಒಂದು ಸಾಲಿನಿಂದ ಅರ್ಜಿಗಳು ತಿರಸ್ಕಾರವಾಗುತ್ತವೆ. ಬಾಯಿಮಾತು ದಾಖಲೆಯಲ್ಲ ಎಂದು ಸಂಕಿರಣದಲ್ಲಿ ಪ್ರಾಧ್ಯಾಪಕರು ಹೇಳಿದ್ದು ಗುಮಾಸ್ತರ ಟಿಪ್ಪಣಿಯಲ್ಲಿ ಹೀಗೆ ಇಳಿದು ಬರುತ್ತದೆ, ಯಾರದೋ ಗದ್ದೆ ಹೋಗುತ್ತದೆ.

ಶರಾವತಿ ಮುಳುಗಡೆಯವರದು ಇನ್ನೂ ಕಠಿಣ ಲೆಕ್ಕ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸರ್ಕಾರವೇ ಎಬ್ಬಿಸಿ ತಂದು ಕಾಡಿನ ನಡುವೆ ಬಿಟ್ಟವರು, 75 ವರ್ಷದ ವಾಸವನ್ನು ಹೊಸ ಜಾಗದಲ್ಲಿ ಎಲ್ಲಿಂದ ತರಬೇಕು? ಅವರು ಕೂತ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ತಕರಾರು ಇನ್ನೂ ತೀರಿಲ್ಲ. ಅವರ ಮೊದಲಿನ ಊರುಗಳು ನೀರಿನಡಿ ಇವೆ. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ, ನೋಡಲು ಜನ ಸೇರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಜೋಗಕ್ಕೆ ಬರುವ ಲಕ್ಷಾಂತರ ಮಂದಿಗೆ ವಿದ್ಯುತ್ತಿನ ಕಥೆ ಗೊತ್ತಾದಷ್ಟು ಊರು ಬಿಟ್ಟವರ ಕಥೆ ಗೊತ್ತಾಗುವುದಿಲ್ಲ. ಅಂದು ಹತ್ತು ವರ್ಷದ ಮಕ್ಕಳಾಗಿ ಗಾಡಿಯ ಮೇಲೆ ಕೂತು ಬಂದವರಿಗೆ ಈಗ ಎಪ್ಪತ್ತು ದಾಟಿದೆ. ಅಪ್ಪಂದಿರ ಗದ್ದೆಗಳ ಹೆಸರು, ಬಾವಿ ಇದ್ದ ಮೂಲೆ, ಯಾರ ಮನೆಯ ಹಿಂದೆ ಯಾರ ತೋಟ, ಪರಿಹಾರ ಎಷ್ಟು ಬಂತು, ಯಾರಿಗೆ ಬರಲಿಲ್ಲ ಎಂಬುದು ಅವರಿಗೆ ಗೊತ್ತು. ಸಾಗರ, ಹೊಸನಗರದ ಕಾಲೇಜುಗಳ ಹುಡುಗ ಹುಡುಗಿಯರು ಈ ಮಳೆಗಾಲದಲ್ಲೇ ಅವರ ಜಗುಲಿಗೆ ಹೋಗಿ ಕೂರಬಹುದು. ಹೇಳಿದವರ ಹೆಸರು, ಅವರ ಒಪ್ಪಿಗೆ, ಹೇಳಿದ ದಿನ, ಊರಿನ ಕೈನಕ್ಷೆ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದದಿದ್ದಲ್ಲಿ ಎರಡನ್ನೂ ಬರೆದು, ಕಂದಾಯ ಇಲಾಖೆಯ ಹಳೆಯ ಪರಿಹಾರ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ, ಆ ಕಡತದ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಯಾರು ಬೇಕಾದರೂ ತೆಗೆದು ನೋಡುವಂತೆ, ತಪ್ಪಿದ್ದರೆ ತಿದ್ದುವಂತೆ ಇಡಬೇಕು.